ಉಮಾವತಿಯವರ ಪಡುವಣ ಕಡಲು

ಬೆಟ್ಟವಿಲ್ಲದ ಕತಾರಿನಲ್ಲಿ ಬೆಟ್ಟದ ಓಟ ಎಂದರೆ ಊರಿನವರು ನಗುತ್ತಾರೆ ಎಂಬುದು ಉಮಾವತಿಯವರಿಗೆ ಗೊತ್ತು. ದೇಶದ ಪಶ್ಚಿಮ ಅಂಚಿನ ಝಿಕ್ರೀತಿನಲ್ಲಿ ಇರುವುದು ನೆತ್ತಿ ಚಪ್ಪಟೆಯಾದ ಸುಣ್ಣಕಲ್ಲಿನ ದಿಬ್ಬಗಳು ಮಾತ್ರ. ಎತ್ತರ ಕಡಿಮೆಯಾದರೂ ಗಾಳಿ ಕೊರೆದ ಅವುಗಳ ಬದಿ ಬಹಳ ಕಡಿದು. ಪ್ರತಿ ಚಳಿಗಾಲದಲ್ಲೂ ಒಂದು ವಾರಾಂತ್ಯ ಅಲ್ಲಿ ಎರಡು ಸ್ಪರ್ಧೆಗಳು ನಡೆಯುತ್ತವೆ. ಶುಕ್ರವಾರ ದಿಬ್ಬಗಳನ್ನು ಹತ್ತಿ ಇಳಿಯುವ ಓಟ. ಶನಿವಾರ ನಕ್ಷೆ, ದಿಕ್ಸೂಚಿ ಹಿಡಿದು ಬಯಲಿನಲ್ಲಿ ನೆಟ್ಟ ಕಂಬಗಳನ್ನು ಹುಡುಕಿ ಬರುವ ಪಂದ್ಯ.

ಉಮಾವತಿ ಕರಾವಳಿಯ ಹೆಜಮಾಡಿಯವರು. ಹಮದ್ ಬಂದರಿನಲ್ಲಿ ಸರಕಿನ ಕಾಗದಪತ್ರ ನೋಡುವ ಕೆಲಸ. ಮಗಳು ನಿಶ್ಮಿತಾಳನ್ನು ಈಜಿನ ತರಗತಿಗೆ ಬಿಟ್ಟು ಕಾಯುವ ಹೊತ್ತಿನಲ್ಲಿ ದೋಹಾದ ಅಲ್ ಥುಮಾಮಾ ಬಡಾವಣೆಯ ಉದ್ಯಾನಕ್ಕೆ ಸುತ್ತು ಹಾಕುತ್ತಿದ್ದರು. ನಡಿಗೆ ಓಟವಾಯಿತು, ಮಗಳು ಈಜು ಬಿಟ್ಟ ಮೇಲೂ ತಾಯಿಯ ಓಟ ನಿಲ್ಲಲಿಲ್ಲ.

ಅವರು ಸೇರಿಕೊಂಡ ಓಟಗಾರರ ಗುಂಪನ್ನು ಕಟ್ಟಿದವರು ಉಳ್ಳಾಲದ ನಿಝಾಮ್, ಟಯರು ವ್ಯಾಪಾರಿ. ಶನಿವಾರದ ನಕ್ಷೆ ಯಾವಾಗಲೂ ಅವರ ಕೈಯಲ್ಲಿ; ಉಳಿದವರು ಅವರ ಬೆನ್ನು ನೋಡಿಕೊಂಡು ಓಡುವುದು. ಈ ಬಾರಿ ಶುಕ್ರವಾರದ ಓಟ ಮುಗಿದು ಎಲ್ಲರೂ ಕಾಲು ಚಾಚಿ ಕುಳಿತಿದ್ದಾಗ ಉಮಾವತಿ ಕೇಳಿದರು: "ನಾಳೆ ನಾನೂ ಜರ್ಟ್ರೂಡಕ್ಕನೂ ಬೇರೆಯೇ ಹೋಗ್ತೇವೆ. ನಕ್ಷೆ ನನಗೆ ಕೊಡಿ."

"ಕೊಡುವ, ಉಮಕ್ಕ. ಆದರೆ ದಾರಿ ತಪ್ಪಿದರೆ ಮುಂದಿನ ವರ್ಷದಿಂದ ಮಾತಿಲ್ಲದೆ ನನ್ನ ಹಿಂದೆ."

"ಒಪ್ಪಿದೆ" ಎಂದರು ಉಮಾವತಿ.

ಶನಿವಾರ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಶಿರ್ವದ ಜರ್ಟ್ರೂಡ್, ದಂತ ಚಿಕಿತ್ಸಾಲಯವೊಂದರ ಸ್ವಾಗತಕಾರಿಣಿ, ಉಮಾವತಿಗಿಂತ ವಯಸ್ಸಿನಲ್ಲಿ ಹಿರಿಯರು, ಮಾತಿನಲ್ಲಿ ಚುರುಕು. ಮೊದಲ ಕಂಬಗಳೆಲ್ಲ ಸಲೀಸಾಗಿ ಸಿಕ್ಕವು. ನಕ್ಷೆಯ ಗೆರೆಗಳು ಕಾಲ ಕೆಳಗಿನ ನೆಲವಾಗುವುದನ್ನು ಆವರೆಗೆ ತಾನು ಅನುಭವಿಸಿರಲಿಲ್ಲ ಎಂದು ಉಮಾವತಿ ಹೇಳುತ್ತಾರೆ. ಅನಂತರ ಒಂದು ದಿಬ್ಬದ ತುದಿಯಲ್ಲಿ ಮಂಜು ಹರಿದು ಕೆಳಗೆ ಕಡಲು ಕಂಡಿತು.

ಕರಾವಳಿಯಲ್ಲಿ ಹುಟ್ಟಿದವರಿಗೆ ಕಡಲೆಂದರೆ ಪಡುವಣ. ಅಲ್ಲಿ ಮನೆಗಳಿಗೇ ಮೂಡುಮನೆ, ಪಡುಮನೆ ಎಂದು ಹೆಸರು. ಚಾಪೆಯ ಮೇಲೆ ಕುಳಿತವರಿಗೂ 'ಸ್ವಲ್ಪ ಪಡುವಿಗೆ ಸರಿಯಿರಿ' ಎನ್ನುವುದು ರೂಢಿ. ದೋಹಾದಲ್ಲಿ ಕಡಲು ಮೂಡಣಕ್ಕಿದೆ ಎಂಬುದನ್ನು ಉಮಾವತಿಯವರ ಬುದ್ಧಿ ಎಂದೋ ಕಲಿತಿತ್ತು, ಮೈ ಕಲಿತಿರಲಿಲ್ಲ. ಝಿಕ್ರೀತೋ ಕಡಲಿಗೆ ಚಾಚಿದ ನೆಲ, ಅದರ ಎರಡೂ ಬದಿಗೆ ನೀರು. ಉಳಿದ ಕಂಬಗಳೂ ಪಂದ್ಯ ಮುಗಿಯುವ ಶಿಬಿರವೂ ಇದ್ದದ್ದು ಪಶ್ಚಿಮದ ದಂಡೆಯಲ್ಲಿ, ತುಸು ದಕ್ಷಿಣಕ್ಕೆ. ಕಂಡದ್ದು ಪೂರ್ವದ ಕೊಲ್ಲಿ. ಅವರು ಅದನ್ನು ಪಡುವಣವೆಂದೇ ಬಗೆದು, ದಂಡೆಗಿಳಿದು, ದಕ್ಷಿಣವೆಂದುಕೊಂಡು ಎಡಕ್ಕೆ ಹೊರಳಿದರು. ಓಡಿದ್ದು ಉತ್ತರಕ್ಕೆ.

ಮುಂದಿನ ಕಂಬ ಸಿಗಲಿಲ್ಲ. ದಿಕ್ಸೂಚಿ ನೋಡಿದರೆ ಮುಳ್ಳು ಅವರು ಹೋಗುತ್ತಿದ್ದ ಕಡೆಗೇ ಉತ್ತರ ತೋರಿಸುತ್ತಿತ್ತು.

"ಜರ್ಟ್ರೂಡಕ್ಕ, ನಿಮ್ಮ ಫೋನಿನಿಂದ ಮುಳ್ಳು ಎಳೀತಾ ಉಂಟು. ಅದನ್ನು ದೂರ ಇಡಿ."

ಜರ್ಟ್ರೂಡ್ ಫೋನನ್ನು ದೂರದ ಕಲ್ಲೊಂದರ ಮೇಲೆ ಇಟ್ಟು ಬಂದರು. ಮುಳ್ಳು ಕದಲಲಿಲ್ಲ.

"ಹಾಗಾದರೆ ದಿಕ್ಸೂಚಿಯೇ ಹಾಳು."

"ನನ್ನ ಕಿವಿಯೋಲೆಯನ್ನೂ ಬಿಚ್ಚಿಡಲಾ, ಮಾರಾಯ್ತಿ?"

ಜರ್ಟ್ರೂಡ್ ಅವರನ್ನು ಬೇರೆಯಾಗಿ ಕೇಳಿದಾಗ ಅವರೂ ಈ ಭಾಗವನ್ನು ಹೀಗೆಯೇ ಹೇಳಿದರು. ಫೋನನ್ನು ಎತ್ತಿಕೊಂಡು ಇಬ್ಬರೂ ಇನ್ನಷ್ಟು ದೂರ ಓಡಿದರು. ಮಂಜು ತೆಳುವಾಯಿತು, ಬೆಳಗಿನ ಸೂರ್ಯ ಬಲಗಡೆ, ನೀರಿನ ಮೇಲೆ ನಿಂತಿದ್ದ. ಉಮಾವತಿ ಅಲ್ಲೇ ನಿಂತರು. ಏನು ತಪ್ಪಿತೆಂದು ತಿಳಿಯಲು ಅವರಿಗೆ ನಕ್ಷೆ ಬೇಕಾಗಲಿಲ್ಲ.

"ನಾನು ಊರಿನ ಕಡಲು ನೋಡಿದೆ" ಎಂದಷ್ಟೇ ಹೇಳಿದರಂತೆ.

ಉಳಿದ ಕಂಬಗಳನ್ನು ಬಿಟ್ಟು, ಹಾಳೆಂದು ಬೈದಿದ್ದ ಆ ದಿಕ್ಸೂಚಿಯನ್ನೇ ನಂಬಿ, ದಿಬ್ಬಗಳನ್ನು ಅಡ್ಡಕ್ಕೆ ದಾಟಿದರು. ಶಿಬಿರ ಸೇರುವಾಗ ಗಡುವು ಮೀರಿತ್ತು. ಫಲಿತಾಂಶದಲ್ಲಿ ಅವರ ಹೆಸರಿಗೆ ಸ್ಥಾನವಿರಲಿಲ್ಲ. ಉಮಾವತಿ ನೇರ ನಿಝಾಮರ ಬಳಿ ಹೋಗಿ, ಎಲ್ಲಿ ತಪ್ಪಿತು, ಯಾಕೆ ತಪ್ಪಿತು, ದಿಕ್ಸೂಚಿಯನ್ನು ಹೇಗೆ ಅನುಮಾನಿಸಿದೆ ಎಂಬುದನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು. ಬಳಿಕ ನಕ್ಷೆಯನ್ನು ಅವರತ್ತ ಚಾಚಿದರು. "ಮಾತು ಕೊಟ್ಟಿದ್ದೇನೆ. ತೆಗೊಳ್ಳಿ."

ನಿಝಾಮ್ ಕೈ ಮುಂದೆ ಮಾಡಿದ್ದರು. ಶೂ ಬಿಚ್ಚುತ್ತಿದ್ದ ಜರ್ಟ್ರೂಡ್ ತಲೆಯೆತ್ತದೆ ಹೇಳಿದರು: "ಇವತ್ತು ದಾರಿ ತಪ್ಪಿದ್ದು ಎಲ್ಲಿ ಅಂತ ನನಗೆ ಸರಿಯಾಗಿ ಗೊತ್ತುಂಟು, ನಿಝಾಮ್. ಇಷ್ಟು ವರ್ಷ ನಿನ್ನ ಹಿಂದೆ ಓಡಿದ್ದು ಎಲ್ಲೆಲ್ಲಿ ಅಂತ ಇವತ್ತಿಗೂ ಗೊತ್ತಿಲ್ಲ."

ಸುತ್ತ ಕುಳಿತವರು ನಕ್ಕರು. ನಿಝಾಮ್ ನಗಲಿಲ್ಲ. ಉಮಾವತಿ ಬೆರಳಿಟ್ಟು ತೋರಿಸಿದ್ದ ಜಾಗವನ್ನು ಇನ್ನೊಮ್ಮೆ ನೋಡಿದರು. ಅನಂತರ ಚಾಚಿದ ಕೈಯಿಂದ ಚಹಾದ ಫ್ಲಾಸ್ಕ್ ಎತ್ತಿಕೊಂಡರು.

"ಯಲ್ಲಾ, ಬನ್ನಿ, ಚಹಾ ಕುಡಿಯಿರಿ. ಬರುವ ವರ್ಷ ನೀವಿಬ್ಬರು ಮೊದಲೇ ಹೊರಡಿ. ಬಹಳ ನಿಧಾನ ನೀವು."

ಉಮಾವತಿ ನಕ್ಷೆಯನ್ನು ಮಡಚಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು.