ನಿಧಾನಪ್ಪನವರ ದಾರಿಚೀಟಿ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳ ಮಾತೂ ಅಷ್ಟಕ್ಕಷ್ಟೇ. ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಅತ್ತೆ ನಮ್ಮ ಮನೆಯ ಎರಡು ಕೋಣೆಗಳನ್ನು ಬೆಳಗಿನ ತಿಂಡಿಯ ಸಮೇತ ಪ್ರಯಾಣಿಕರಿಗೆ ಬಾಡಿಗೆಗೆ ಕೊಡುತ್ತಾರೆ. ಮೊನ್ನೆ ಬಂದವರಿಗೆ ನಾವಿಟ್ಟ ಹೆಸರು ನಿಧಾನಪ್ಪ. ಇಂಥ ಮನೆಗಳಲ್ಲಿ ತಂಗುತ್ತಾ ಅವರು ಒಂದು ತಿಂಗಳಿಂದ ಕಾರಿನಲ್ಲಿ ಸುತ್ತುತ್ತಿದ್ದಾರೆ. ಎಂಟಕ್ಕೆ ತಿಂಡಿಗೆ ಕೂತರೆ ಏಳುವುದು ಹತ್ತಕ್ಕೆ. ಆಮೇಲೆ ಕಾರಿನ ಗಾಜನ್ನು ಕನ್ನಡಕದಷ್ಟೇ ಜೋಪಾನವಾಗಿ ಒರೆಸುತ್ತಾರೆ. ಸೈಕಲ್ಲುಗಳೂ ಅವರನ್ನು ಹಿಂದೆ ಹಾಕುತ್ತವೆ. ಬೀದಿನಾಯಿಗಳು ಅವರ ಕಾರನ್ನು ಅಟ್ಟುವುದಿಲ್ಲ, ಜೊತೆಗೆ ನಡೆಯುತ್ತವೆ. "ದಾರಿ ಎಲ್ಲಿಗೂ ಓಡಿಹೋಗಲ್ಲ ಬಿಡಮ್ಮಾ" ಎನ್ನುತ್ತಾರೆ. ಮೊಬೈಲಿನ ನಕ್ಷೆ ಅವರಿಗೆ ಬೇಡ, ತಂಗಿದ ಮನೆಯವರು ದಾರಿ ಬರೆದುಕೊಟ್ಟ ಚೀಟಿಯೇ ಬೇಕು. ಇವತ್ತಿನ ಚೀಟಿಯನ್ನು ಅತ್ತೆ ನನ್ನಿಂದ ಬರೆಸಿದರು. ಬೆವರುತ್ತಾ ಮೂರು ಸಲ ತಿದ್ದಿದೆ. ಆದರೂ "ಕೆರೆ ಬಂದಾಗ ಎಡಕ್ಕೆ ತಿರುಗಿ" ಎನ್ನುವಲ್ಲಿ ಎತ್ವ ಬಿಟ್ಟುಹೋಗಿ "ಕರೆ ಬಂದಾಗ" ಎಂದಾಗಿತ್ತು. ನಿಧಾನಪ್ಪ ಕೆರೆ ದಾಟಿ, ಮರದ ನೆರಳಲ್ಲಿ ಫೋನು ಹಿಡಿದು ಕಾದರಂತೆ. ಮಧ್ಯಾಹ್ನ ಅತ್ತೆ ಫೋನು ಮಾಡಿದ್ದೇ ತಡ, ಎಡಕ್ಕೆ ತಿರುಗಿ, ಸುತ್ತು ಹೊಡೆದು, ನಾಲ್ಕಕ್ಕೆ ಮತ್ತೆ ನಮ್ಮ ಅಂಗಳಕ್ಕೇ ಬಂದರು. ಇನ್ನು ಪೆನ್ನು ಮುಟ್ಟಬಾರದೆಂದುಕೊಂಡು ನಾನು ಬಾಗಿಲ ಹಿಂದೆ ನಿಂತೆ. "ನಾಳೇದು ನಾನೇ ಬರೀತೀನಿ ಅಣ್ಣಾ" ಎಂದರು ಅತ್ತೆ. "ಬೇಡ ತಂಗಿ, ಅವಳೇ ಬರೀಲಿ. ಮೂವತ್ತು ವರ್ಷ ಆಂಬುಲೆನ್ಸ್ ಓಡಿಸಿದೆ. ಕರೆ ಬಂದ ಕಡೆ ತಿರುಗೋದೇ ಕೆಲಸ. ಊಟ ಆಯ್ತಾ ಅಂತ ಕೇಳೋ ಕರೆಗೆ ತಿರುಗಿದ್ದು ಇದೇ ಮೊದಲು" ಎಂದು ನಿಧಾನಪ್ಪ ನಕ್ಕರು. ಈಗ ನಾನು ಚಪ್ಪಲಿ ಮೆಟ್ಟಿಕೊಂಡು, ನಾಳೆ ಅವರು ಹೋಗುವ ದಾರಿಯಲ್ಲಿ ಊರಾಚೆಯ ಸೇತುವೆಯವರೆಗೆ ನಡೆದು, ತಿರುವುಗಳನ್ನು ಎಣಿಸಿಕೊಂಡು ಬಂದು, ನಾಳೆಯ ಚೀಟಿ ಬರೆಯುತ್ತೇನೆ.