ಜಾರುವ ಸ್ಟಿಯರಿಂಗ್

ಅಹ್ಮದ್ ಬಾವ ತಮ್ಮ ಓಮ್ನಿ ವ್ಯಾನನ್ನು ನಮ್ಮ ಅಂಗಳದ ಹಲಸಿನ ಮರದಡಿ ನಿಲ್ಲಿಸತೊಡಗಿದ್ದು ನಮ್ಮ ಮೇಲಿನ ನಂಬಿಕೆಯಿಂದಲ್ಲ, ಉಳಿದ ಎಲ್ಲ ಜಾಗಗಳ ಮೇಲಿನ ಅಪನಂಬಿಕೆಯಿಂದ. ಅವರ ಬಾಡಿಗೆ ಮನೆಯ ಓಣಿಗೆ ವ್ಯಾನ್ ಹೋಗುವುದಿಲ್ಲ. ರಸ್ತೆ ಬದಿಯಲ್ಲಿ ನಿಲ್ಲಿಸಿದರೆ ಟಯರಿನ ಗಾಳಿ ಬಿಡುವವರಿದ್ದಾರೆ, ಅಂಗಡಿಯೆದುರು ನಿಲ್ಲಿಸಿದರೆ ಕನ್ನಡಿ ಮುರಿಯುವವರಿದ್ದಾರೆ ಎಂಬುದು ಅವರ ಲೆಕ್ಕ. ನಮ್ಮಲ್ಲಿಗೆ ಬಂದ ಮೇಲೆ ಸಂಶಯ ಹಲಸಿನ ಮರದ ಮೇಲೆ ತಿರುಗಿತು. ಕಾಯಿಗಳೆಲ್ಲ ತಮ್ಮ ವ್ಯಾನಿನ ಮೇಲೆ ಬೀಳುವುದಕ್ಕೆಂದೇ ಬೆಳೆಯುತ್ತಿವೆ ಎಂಬಂತೆ ಕತ್ತೆತ್ತಿ ನೋಡುತ್ತಿದ್ದರು. ಕೊನೆಗೆ ಎಲ್ಲಿಂದಲೋ ದೋಟಿ ತಂದು, ಎಳೆಯವಾಗಿರುವಾಗಲೇ ಅಷ್ಟನ್ನೂ ಕೊಯ್ದು ಹಾಕಿದರು. ಆ ವರ್ಷ ನಾವು ಹಲಸಿನ ಹಣ್ಣಿನ ಮುಖ ನೋಡಲಿಲ್ಲ. ಆ ಎಳೆಗಾಯಿಯ ಗುಜ್ಜೆ ಪಲ್ಯ ತಿಂದು ತಿಂದು ಸಾಕಾಯಿತು.

ದೇರೆಬೈಲಿನ ಮಕ್ಕಳನ್ನು ಕಂಕನಾಡಿಯ ಶಾಲೆಗೆ ಕರೆದೊಯ್ದು ಕರೆತರುವುದು ನಾವೆಲ್ಲ ಬಾವಾಕ ಎಂದು ಕರೆಯುವ ಇವರ ಕೆಲಸ. ಅದಕ್ಕೆ ಮೊದಲು ದಮ್ಮಾಮಿನಲ್ಲಿ ಉದ್ದದ ಟ್ರೇಲರ್ ಓಡಿಸುತ್ತಿದ್ದರು. ಅಷ್ಟು ವರ್ಷ ಮರುಭೂಮಿಯಲ್ಲಿ ಓಡಿಸಿಯೂ ಒಂದು ಗೀರು ಬೀಳಲಿಲ್ಲ ಎಂಬುದು ಅವರ ಹೆಮ್ಮೆ. ಬೀಳದಿರಲು ಕಾರಣ ಯಾರನ್ನೂ ನಂಬದಿದ್ದದ್ದು ಎಂಬುದು ಅವರ ಸಿದ್ಧಾಂತ. ಊರಿಗೆ ಬಂದ ಮೇಲೂ ಅದನ್ನು ಬಿಡಲಿಲ್ಲ. ಮೀನು ಕೊಂಡರೆ ಐಸಿನ ನೀರನ್ನು ಮೂಸುತ್ತಾರೆ, ಪೆಟ್ರೋಲ್ ಹಾಕಿಸಿದರೆ ಪೈಪು ಅಲ್ಲಾಡಿಸಿ ನೋಡುತ್ತಾರೆ. ರಕ್ತ ಪರೀಕ್ಷೆಯಲ್ಲಿ ಶುಗರ್ ವಿಪರೀತ ಎಂದು ಬಂದಾಗ, ಲ್ಯಾಬಿನವರು ಬೇರೆ ಯಾರದೋ ರಕ್ತವನ್ನು ತಮ್ಮ ಹೆಸರಿಗೆ ಹಾಕಿದ್ದಾರೆ ಎಂದು ಗುಳಿಗೆಯನ್ನೇ ಬಿಟ್ಟರು. ಹೆಂಡತಿ ನಾಝಿಮಾ ಹೇಳಿ ಹೇಳಿ ಸೋತರು. ಅತ್ತಾವರದಲ್ಲಿ ನರ್ಸಿಂಗ್ ಓದುತ್ತಿರುವ ಮಗಳು ಮರ್ವಾ ಹೇಳಿದರೆ, "ನಿನಗೆ ಅವರು ಕಲಿಸಿದ್ದೇ ಸುಳ್ಳಾದ್ರೆ?" ಎಂದು ಅವಳ ಬಾಯಿ ಮುಚ್ಚಿಸಿದರು.

ನಾನು ಜಗಲಿಯಲ್ಲಿ ಕುಳಿತು ಬ್ಲೌಸ್ ಹೊಲಿಯುವವಳು. ಎದುರಿಗೇ ಅವರ ವ್ಯಾನ್. ಹಾಗಾಗಿ ಅವರ ಒಂದೊಂದು ಆಟವೂ ನನಗೆ ಗೊತ್ತು, ನಗಲು ಒಳ್ಳೆಯ ವಿಷಯವೂ ಆಗಿತ್ತು. ಆದರೆ ನನ್ನ ಮಗಳು ಯಶ್ಮಿತಾ ಹೋಗಿ ಬರುವುದು ಅದೇ ವ್ಯಾನಿನಲ್ಲಿ. ಒಂದು ಸಂಜೆ ಅವಳು ಚೀಲ ಇಳಿಸುತ್ತ, "ಅಮ್ಮ, ನಂತೂರು ಸರ್ಕಲಲ್ಲಿ ಬಾವಾಕನ ಕೈ ಜಾರಿತು. ಟ್ಯಾಂಕರ್ ಇಷ್ಟು ಹತ್ತಿರ ಬಂತು" ಎಂದು ಎರಡು ಬೆರಳು ಜೋಡಿಸಿ ತೋರಿಸಿದಾಗ ನನ್ನ ನಗು ಇಂಗಿಹೋಯಿತು.

ಕೇಳಿದರೆ ಬಾವಾಕ ಮುಚ್ಚಿಡಲಿಲ್ಲ. ಅವರ ತಲೆಯಲ್ಲಿ ಆಗಲೇ ವಿಚಾರಣೆ ಮುಗಿದು ಶಿಕ್ಷೆಯೂ ಆಗಿತ್ತು.

"ಇರ್ವಿನ್ ಮಾಡಿದ್ದು ಅಕ್ಕ. ಸ್ಟಿಯರಿಂಗಿಗೆ ತೆಂಗಿನೆಣ್ಣೆ ಹಚ್ಚಿದ್ದಾನೆ."

ಇರ್ವಿನ್ ನಮ್ಮ ಮುಂದಿನ ತಿರುವಿನಲ್ಲಿರುವವನು. ಅದೇ ಶಾಲೆಯ ಎಲ್‌ಕೆಜಿ ಮಕ್ಕಳನ್ನು ತನ್ನ ಗಾಡಿಯಲ್ಲಿ ಕರೆದೊಯ್ಯುತ್ತಾನೆ. ಮಧ್ಯಾಹ್ನಕ್ಕೇ ಅವನ ಕೆಲಸ ಮುಗಿಯುತ್ತದೆ. ಮರುದಿನ ಶಾಲೆಯ ಗೇಟಿನಲ್ಲಿ ಎಲ್ಲರೆದುರು ಬಾವಾಕ ಅವನ ಅಂಗೈ ಮೂಸಿ ನೋಡಿದರಂತೆ. ಪಾಪದವನು, ಕೂದಲಿಗೆ ಎಣ್ಣೆ ಹಾಕಿಕೊಂಡು ಬಂದಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ ಅವನು ತಬ್ಬಿಬ್ಬಾದದ್ದೇ ಬಾವಾಕನಿಗೆ ಸಾಕ್ಷಿಯಾಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆಮೇಲೂ ಕೈ ಜಾರಿತು. ಈಗ ಡೌಟು ವ್ಯಾನ್ ತೊಳೆಯುವವರ ಮೇಲೆ: ಡ್ಯಾಶ್‌ಬೋರ್ಡಿಗೆ ಬಳಿಯುವ ಪಾಲಿಶನ್ನು ಸ್ಟಿಯರಿಂಗಿಗೂ ಬಳಿದಿದ್ದಾರೆ. ಆಮೇಲೆ ಸೀಟ್ ಕವರ್ ಅಂಗಡಿಯ ಸಿದ್ದೀಕನ ಮೇಲೆ: ಅವನು ಹಾಕಿಕೊಟ್ಟ ರೆಕ್ಸಿನ್ ಕವರ್ ಡೂಪ್ಲಿಕೇಟ್. ನಾನು ಕೊಟ್ಟ ಚಹಾದ ಲೋಟ ಕೈಯಿಂದ ಜಾರಿ ಜಗಲಿಯಲ್ಲಿ ಒಡೆದಾಗ ನನ್ನ ಪಾತ್ರೆ ತೊಳೆಯುವ ಸೋಪೂ ಪಟ್ಟಿಗೆ ಸೇರಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಎಂದು ನಾನು ಗಂಡ ಚಿತ್ತರಂಜನರಿಗೆ ಹೇಳಿದೆ. ಅವರು ನಗಲಿಲ್ಲ. "ಮಗುವನ್ನು ಇನ್ನು ಅದರಲ್ಲಿ ಕಳಿಸುದು ಬೇಡ" ಎಂದರು.

ಅದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಒಬ್ಬರು ಮಗುವನ್ನು ಬಿಡಿಸಿದರೆ ಸಾಕು, ತಾಯಂದಿರ ವಾಟ್ಸಾಪ್ ಗುಂಪು ಮಿಕ್ಕಿದ್ದನ್ನು ನೋಡಿಕೊಳ್ಳುತ್ತದೆ. ಬಾವಾಕ ಫೋನ್ ನೋಡುತ್ತ ಓಡಿಸುತ್ತಾರೆ, ಕಣ್ಣು ಕಾಣುವುದಿಲ್ಲ, ನಿದ್ದೆಗೆಡುತ್ತಾರೆ ಎಂದು ಆಗಲೇ ಗುಸುಗುಸು ಶುರುವಾಗಿತ್ತು. ವ್ಯಾನ್ ನಿಂತರೆ ಆ ಮನೆಯಲ್ಲಿ ಒಲೆ ನಿಂತಂತೆ, ಮರ್ವಾಳ ಓದೂ ನಿಂತಂತೆ. ಇತ್ತ ನಂತೂರಿನ ಟ್ಯಾಂಕರ್ ನನ್ನ ಕನಸಿನಲ್ಲಿ ಬರುತ್ತಿತ್ತು. ನನಗೂ ಈಗ ಸಂಶಯ ಅಂಟಿಕೊಂಡಿತು. ಅವರು ನಡೆಯುವುದು, ಬೀಗದ ಕೈ ಹಿಡಿಯುವುದು, ಬಾಗಿಲು ಎಳೆಯುವುದು, ಎಲ್ಲವನ್ನೂ ಸೂಜಿಗೆ ನೂಲು ಪೋಣಿಸುವ ನೆವದಲ್ಲಿ ಓರೆಗಣ್ಣಿನಿಂದ ನೋಡುತ್ತಿದ್ದೆ. ಹಾಗೆ ಒಬ್ಬರನ್ನು ಕದ್ದು ನೋಡುವುದು ನನಗೇ ಹೇಸಿಗೆಯಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಬೆಳಗಿನ ಟ್ರಿಪ್ ಮುಗಿಸಿ ಬಂದವರು ಗೆದ್ದವರ ಹಾಗೆ ಹಸಿರು ಹಗ್ಗದ ಎರಡು ಕಟ್ಟು ತೋರಿಸಿದರು. ದುಬೈಯಲ್ಲಿರುವ ಅವರ ಅಕ್ಕನ ಮಗ ಅಬ್ದುಲ್ಲ ತಂದುಕೊಟ್ಟದ್ದು. ಪ್ಯಾರಾಶೂಟಿಗೆ ಹಾಕುವ ಹಗ್ಗವಂತೆ, ಪ್ಯಾರಾಕಾರ್ಡ್ ಎಂದು ಹೆಸರು, ಪೆನ್ಸಿಲಿಗಿಂತ ತೆಳು.

"ಅಲ್ಲಿ ಟ್ರೇಲರಿನವರು ಇದನ್ನೇ ಸುತ್ತುದು ಅಕ್ಕ. ಎಣ್ಣೆ ಹಚ್ಚಿದ್ರೂ ಇದು ಜಾರುದಿಲ್ಲ. ಇನ್ನು ಯಾರೂ ಎಂತದೂ ಮಾಡ್ಲಿಕ್ಕೆ ಆಗುದಿಲ್ಲ." ಆಮೇಲೆ ಸ್ವಲ್ಪ ತಡೆದು, "ಈ ತುದಿ ಬಿಗಿಯಾಗಿ ಹಿಡೀತೀರಾ? ಬೇರೆಯವರು ಬೇಕೂಂತ ಲೂಸ್ ಬಿಡ್ತಾರೆ" ಎಂದರು.

"ನಾನು ಬಿಡುದಿಲ್ಲ ಅಂತ ಹೇಗೆ ಗೊತ್ತು ನಿಮಗೆ?"

"ನೀವು ಬಿಟ್ರೆ ನನಗೆ ಕಾಣ್ತದಲ್ಲ. ಎದುರಿಗೇ ಇರ್ತೀರಿ."

ನಾನು ಪಕ್ಕದ ಸೀಟಿನಲ್ಲಿ ಕುಳಿತೆ. ಸಿದ್ದೀಕನ ಕವರ್ ಕಿತ್ತು ಹಾಕಿದ್ದರು. ಅದರ ಕೆಳಗೆ ಹಳೆಯ ಸ್ಟಿಯರಿಂಗ್ ಸವೆದು, ಕೈ ಹಿಡಿಯುವಲ್ಲಿ ತರಿತರಿ ಹೋಗಿ ಕಡೆದ ಕಲ್ಲಿನಂತೆ ನುಣ್ಣಗಾಗಿತ್ತು. ಸೋಪಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಕೆಳಗಿನಿಂದ ಸುತ್ತಲು ಶುರುಮಾಡಿದರು. ತುದಿಗೆ ಟೇಪು. ಒಂದು ಸುತ್ತು ಸುತ್ತಿ, ಆ ಸುತ್ತಿನೊಳಗಿಂದಲೇ ಹಗ್ಗ ತೂರಿಸಿ ಎಳೆದರೆ ಒಳಬದಿಗೆ ಒಂದು ಗಂಟು ಕೂರುತ್ತದೆ. ಅದರ ಪಕ್ಕ ಮತ್ತೊಂದು. ನಾವು ಗುಂಡಿಗೆ ಕಾಜಾ ಹೊಲಿಯುವುದೂ ಹೀಗೆಯೇ. ಒಳ್ಳೆಯ ಕೆಲಸ ಎಂದು ನನಗೆ ಮೆಚ್ಚುಗೆಯಾಯಿತು. ಆದರೆ ಸುತ್ತಿನೊಳಗೆ ತೂರಿಸುವಾಗ ಅವರ ಬೆರಳು ಮತ್ತೆ ಮತ್ತೆ ತಪ್ಪುತ್ತಿತ್ತು. ಕಣ್ಣು ಅತ್ತಿತ್ತ ಹೋಯಿತೋ, ಹಗ್ಗ ಕೈಯಿಂದ ಬಿತ್ತು. ಹಗ್ಗವೇ ಮುರುಟಿದೆ, ಅಬ್ದುಲ್ಲನಿಗೆ ಅಂಗಡಿಯವನು ಟೋಪಿ ಹಾಕಿದ್ದಾನೆ ಎಂದು ಗೊಣಗಿದರು.

ಅರ್ಧ ಚಕ್ರ ಆಗುವಾಗ ಮಧ್ಯಾಹ್ನ ಕಳೆದಿತ್ತು, ಒಂದು ಕಟ್ಟೂ ಮುಗಿಯಿತು. ಇಂಥ ಹಗ್ಗದ ತುದಿಯನ್ನು ಸುಮ್ಮನೆ ಬಿಟ್ಟರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಲೈಟರಿನಿಂದ ಸುಟ್ಟು, ಕರಗಿದ್ದನ್ನು ಯಾವುದರಿಂದಾದರೂ ಒತ್ತಿ ಚಪ್ಪಟೆ ಮಾಡಬೇಕು. ಬಾವಾಕ ಸುಟ್ಟರು. ತುದಿಯಲ್ಲಿ ಕಪ್ಪು ಹನಿ ಕುದಿಯಿತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಹಿಡಿದೇ ಇದ್ದರು. ಮುಂದಿನ ಕಟ್ಟು ಎಲ್ಲಿ ಎಂದು ಸೀಟಿನ ಕೆಳಗೆ ನೋಡುತ್ತಿದ್ದರು. ನನಗೆ ಚರ್ಮ ಸುಟ್ಟ ವಾಸನೆ ಬಂತು.

"ಬಾವಾಕ! ಬೆರಳು!"

"ಎಂತ ಬೆರಳು?"

ಕೈ ಎಳೆದು ನೋಡಿದೆ. ಹನಿ ಹೆಬ್ಬೆರಳಿಗೆ ಕಚ್ಚಿಕೊಂಡು ಸುತ್ತಲಿನ ಚರ್ಮ ಬೆಳ್ಳಗಾಗಿತ್ತು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಯಾರದೋ ಬೆರಳು ಎಂಬಂತೆ.

"ಡೂಪ್ಲಿಕೇಟ್ ಹಗ್ಗ ಅಕ್ಕ, ನಾನು ಹೇಳಿದೆನಲ್ಲ. ಬಿಸಿಯೇ ಆಗುದಿಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಲೈಟರ್ ಕಿತ್ತುಕೊಂಡು ಒಂದು ತುಂಡು ಹಗ್ಗ ಸುಟ್ಟು ನನ್ನ ಬೆರಳಿಗೆ ತಾಗಿಸಿದೆ. ಜೀವ ಹೋದಂತಾಗಿ ಬೆರಳನ್ನು ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂತು. ಬಾವಾಕ ನನ್ನ ಮುಖವನ್ನು ಪರೀಕ್ಷಿಸಿದರು.

"ನೀವು ಆಕ್ಟಿಂಗ್ ಮಾಡುದಲ್ಲವಾ?"

 ಜಗಲಿಯಿಂದ ಸೂಜಿ ತಂದು, "ಕಣ್ಣು ಮುಚ್ಚಿ, ಕೈ ಚಾಚಿ" ಎಂದೆ. ಒಂದು ಕಣ್ಣು ಸ್ವಲ್ಪ ತೆರೆದಿಟ್ಟರು. ಗದರಿಸಿದೆ, ಮುಚ್ಚಿದರು. ತೋರುಬೆರಳಿನ ತುದಿಗೆ ಚುಚ್ಚಿದೆ. ಮಧ್ಯದ ಬೆರಳಿಗೆ ಚುಚ್ಚಿದೆ. ಒಂದು ಚುಕ್ಕೆ ರಕ್ತ ಬಂತು.

"ಚುಚ್ಚಿ ಅಕ್ಕ," ಎಂದರು ಬಾವಾಕ, "ಎಂತ ಕಾಯ್ತಾ ಇದ್ದೀರಿ?"

ನಾನು ಸೂಜಿ ಕೆಳಗಿಳಿಸಿದೆ. ಕಾದು ಸಾಕಾಗಿ ಅವರು ಕಣ್ಣು ಬಿಟ್ಟರು. ರಕ್ತ ನೋಡಿದರು, ಸೂಜಿ ನೋಡಿದರು. ಇನ್ನೊಂದು ಕೈಯನ್ನು ತಾವಾಗಿಯೇ ಮುಂದೆ ಚಾಚಿದರು. ಅದೂ ಹಾಗೆಯೇ. ಅರ್ಧ ಸುತ್ತಿ ಬಿಟ್ಟಿದ್ದ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು, ಒತ್ತಿ ಒತ್ತಿ ನೋಡಿದರು.

"ಮಕ್ಕಳು ಕಾಯ್ತಾರೆ," ಎಂದರು ಕೊನೆಗೆ. "ಇರ್ವಿನ್‌ಗೆ ಫೋನ್ ಮಾಡಿ. ನನ್ನ ನಂಬರ್ ನೋಡಿದ್ರೆ ಅವನು ಎತ್ತುದಿಲ್ಲ."

ಇರ್ವಿನ್ ಬಂದ. ಆದರೆ ಗೇಟಿನಿಂದ ಒಳಗೆ ಕಾಲಿಡಲಿಲ್ಲ. ಬಾವಾಕ ಬೀಗದ ಕೈ ಚಾಚಿದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಾನು ಓಡಿಸುದಾ? ನಾಳೆ ಗೇರ್ ಹೋಯ್ತು, ಇರ್ವಿನ್ ಹಾಳು ಮಾಡಿದ ಅಂತ ಹೇಳ್ಲಿಕ್ಕಾ? ಬೇಡ ಮಾರಾಯ್ರೇ. ಇದರಲ್ಲಿ ಎಂತದೋ ಉಂಟು."

"ಎಂತದೂ ಇಲ್ಲ ಇರ್ವಿನ್. ಶುಗರಿನಿಂದ ಇರ್ಬೇಕು, ಅವರಿಗೆ ಕೈಯಲ್ಲಿ ಸ್ಪರ್ಶವೇ ಇಲ್ಲ," ಎಂದೆ.

"ನೀವೂ ಸೇರಿದ್ದೀರಾ ಅಕ್ಕ?"

ಶಾಲೆ ಬಿಡುವ ಹೊತ್ತು ಹತ್ತಿರವಾಗುತ್ತಿತ್ತು. ನನಗೆ ಅವನ ಕಾಲು ಹಿಡಿಯಬೇಕು ಎನಿಸಿತು. ಬಾವಾಕ ಕೋಪ ಮಾಡಲಿಲ್ಲ, ಆಣೆ ಹಾಕಲಿಲ್ಲ. ತಾವು ಹೇಳಿದ್ದನ್ನು ಈ ಮನುಷ್ಯ ನಂಬಲು ಕಾರಣವೇ ಇಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತು? ಬೀಗದ ಕೈಯನ್ನು ಕಿರುಬೆರಳಿಗೆ ಸಿಕ್ಕಿಸಿ ಕಿಸೆಯಿಂದ ಲೈಟರ್ ತೆಗೆದರು. ಹಗ್ಗದ ತುಂಡು ಸುಟ್ಟು, ಕುದಿಯುವ ಹನಿಯನ್ನು ತೋರುಬೆರಳಿಗೆ ಒತ್ತಿ, ಇರ್ವಿನ್‌ನ ಮುಖವನ್ನೇ ನೋಡುತ್ತ ನಿಂತರು. ಕಣ್ಣೆವೆ ಅಲ್ಲಾಡಲಿಲ್ಲ.

"ದೇವರೇ, ಸಾಕು! ಸಾಕು ಬಾವಾಕ!" ಇರ್ವಿನ್ ಓಡಿ ಬಂದು ಅವರ ಕೈ ಹಿಡಿದು ಹಗ್ಗ ಕಿತ್ತೆಸೆದ. ಆ ಕೈಯನ್ನು ಅವನು ಬಿಡಲಿಲ್ಲ. ಬೀಗದ ಕೈಯನ್ನು ಅದರಿಂದಲೇ ತೆಗೆದುಕೊಂಡ. "ಮಕ್ಕಳನ್ನು ಮನೆಗೆ ಬಿಟ್ಟು ನಾವು ಸೀದ ಅತ್ತಾವರದ ಆಸ್ಪತ್ರೆಗೆ ಹೋಗುವ. ಮರ್ವಾಗೆ ಫೋನ್ ಮಾಡಿ ಅಕ್ಕ."

ಸ್ಟಿಯರಿಂಗಿನಲ್ಲಿ ಜೋತುಬಿದ್ದಿದ್ದ ಹಗ್ಗದ ತುದಿಯನ್ನು ನಾನು ಗಂಟು ಹಾಕಿದೆ. ಇರ್ವಿನ್ ಚಾಲಕನ ಸೀಟಿಗೆ ಹತ್ತಿದ. ಬಾವಾಕ ಸುತ್ತಿ ಬಂದು ಪಕ್ಕದಲ್ಲಿ ಕುಳಿತರು. ವ್ಯಾನ್ ಗೇಟು ದಾಟಿತು.

ಸಂಜೆ ಯಶ್ಮಿತಾ ಬಂದವಳೇ, "ಅಮ್ಮ, ಬಾವಾಕ ಇಡೀ ದಾರಿ ಇರ್ವಿನ್ ಅಂಕಲ್‌ನ ಕೈಯನ್ನೇ ನೋಡ್ತಾ ಇದ್ರು" ಎಂದಳು.

"ಅವರದ್ದು ಗೊತ್ತುಂಟಲ್ಲ ಮಗಾ. ಡೌಟು."

"ಅಲ್ಲಮ್ಮ. ಬೇರೆಯವರು ಐಸ್‌ಕ್ರೀಮ್ ತಿನ್ನುವಾಗ ನಾವು ನೋಡ್ತೇವಲ್ಲ, ಹಾಗೆ."