ಝಳಕಿಯಾಕಿ ಹಗಲು ಹೇಳಿದ ಕಥೆ

ಕಥೆಗಳ ನಾಯಕರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಚೆಲುವರು, ಗಟ್ಟಿಗರು, ಸತ್ಯವಂತರು, ಎಲ್ಲ ಸರಿ. ಆದರೆ ಅವರಿಗೆ ಮಾಡಲು ಕೆಲಸವೇ ಇರುವುದಿಲ್ಲ. ಕುದುರೆಯನ್ನು ಯಾರೋ ಕೊಡುತ್ತಾರೆ, ಕತ್ತಿಯನ್ನು ಯಾವನೋ ಸನ್ಯಾಸಿ ಕೊಡುತ್ತಾನೆ, ದಾರಿಯನ್ನು ಹಕ್ಕಿ ಹೇಳುತ್ತದೆ. ಇವನು ಕುದುರೆಯ ಮೇಲೆ ನೆಟ್ಟಗೆ ಕುಳಿತುಕೊಂಡರೆ ಸಾಕು. ಕೆಡುಕರ ಪಾಡು ಹಾಗಲ್ಲ. ಅವರು ನಸುಕಿನಲ್ಲೇ ಎದ್ದು ಏನಾದರೂ ಹೂಡದಿದ್ದರೆ ಕಥೆ ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ಬಸವನ ಬಾಗೇವಾಡಿಯ ನಮ್ಮ ಮನೆಯ ಒಲೆಯ ಮುಂದೆ ಕುಳಿತು ನನ್ನ ಮಲತಾಯಿಯಿಂದ ಕಲಿತದ್ದು.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹಡೆದವ್ವ ತೀರಿಕೊಂಡಾಗ ನಾನು ಇನ್ನೂ ಶಾಲೆಗೆ ಹೋಗುತ್ತಿರಲಿಲ್ಲ. ಅಪ್ಪ ಸಂತೆಯಿಂದ ಸಂತೆಗೆ ಸೀರೆ ಮಾರುವವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ನಾಲತವಾಡ ಎಂದು ಗಂಟು ಹೊತ್ತು ತಿರುಗುತ್ತಿದ್ದರು. ಮನೆಗೆ ಬಂದಾಗಲೂ ಮಾತು ಕಡಿಮೆ, ಸೀರೆ ಮಡಿಸುವುದೇ ಹೆಚ್ಚು. ಮಗಳನ್ನು ನೋಡಿಕೊಳ್ಳಲು ಯಾರಾದರೂ ಬೇಕೆಂದು ಇಂಡಿ ಕಡೆಯ ಝಳಕಿಯಿಂದ ಹೆಣ್ಣು ತಂದುಕೊಂಡರು. ಓಣಿಯವರು ಅವಳನ್ನು ‘ಝಳಕಿಯಾಕಿ’ ಅನ್ನುತ್ತಿದ್ದರು. ನಾನೂ ಮನಸ್ಸಿನಲ್ಲಿ ಹಾಗೆಯೇ ಅನ್ನುತ್ತಿದ್ದೆ. ಬಾಯಿಬಿಟ್ಟು ಏನೂ ಕರೆಯುತ್ತಿರಲಿಲ್ಲ. ಹಸಿವಾದರೆ ಹೋಗಿ ತಾಟು ಹಿಡಿದು ನಿಲ್ಲುತ್ತಿದ್ದೆ, ಅಷ್ಟೆ.

ಝಳಕಿ ಸೊಲ್ಲಾಪುರದ ದೊಡ್ಡ ದಾರಿಯ ಮೇಲಿನ ಊರು. ಅವಳ ತಂದೆಯ ಕಿರಾಣಿ ಅಂಗಡಿಯ ಮುಂದೆ ಒಂದು ಬೇವಿನ ಮರವಿತ್ತಂತೆ. ಹತ್ತಿ, ಜೋಳ ಹೇರಿಕೊಂಡು ಹೊರಟ ಗಾಡಿಯವರು ಅಲ್ಲಿ ಎತ್ತು ಬಿಚ್ಚಿ, ಸಂಜೆ ಇಳಿಯುತ್ತಿದ್ದಂತೆ ಕಥೆ ಶುರುಮಾಡುತ್ತಿದ್ದರಂತೆ. ಅರ್ಧ ಕಥೆಗೆ ಎತ್ತುಗಳ ದಣಿವು ಆರಿಬಿಡುತ್ತಿತ್ತು, ಗಾಡಿ ಹೊರಟುಬಿಡುತ್ತಿತ್ತು. ಉಳಿದ ಅರ್ಧವನ್ನು ಇವಳೇ ಕಟ್ಟಿಕೊಳ್ಳಬೇಕು. ಹಾಗಾಗಿ ಅವಳ ಕಥೆಗಳ ಮೊದಲ ಅರ್ಧ ಊರೆಲ್ಲರದು, ಕೊನೆಯ ಅರ್ಧ ಅವಳೊಬ್ಬಳದು.

ದೀಪ ಹಚ್ಚಿ ರೊಟ್ಟಿ ಬಡಿಯಲು ಕುಳಿತಳೆಂದರೆ ಓಣಿಯ ಹುಡುಗರು ಒಬ್ಬೊಬ್ಬರಾಗಿ ಬಂದು ಒಲೆಯ ಸುತ್ತ ಸೇರುತ್ತಿದ್ದರು. ಹೊಗೆ ಮೇಲೆದ್ದು ಬೆಳಕಿಂಡಿಯ ಕಡೆ ಮೆಲ್ಲಗೆ ಹೋಗುತ್ತಿತ್ತು. ಅವಳು ಬಾಯಿಂದ ಎಷ್ಟು ಕಥೆ ಹೇಳುತ್ತಿದ್ದಳೋ ಕೈಯಿಂದಲೂ ಅಷ್ಟೇ ಹೇಳುತ್ತಿದ್ದಳು. ರಾಜಕುಮಾರ ಬಂದರೆ ಪಟಪಟ ಪಟಪಟ ಎಂದು ರೊಟ್ಟಿ ಬೇಗ ಬೇಗ ತಿರುಗುತ್ತಿತ್ತು. ಅವನನ್ನು ಹೇಗಾದರೂ ಮಾಡಿ ಮುಗಿಸಿಬಿಡುವ ಅವಸರ. ರಕ್ಕಸಿ ಬಂದರೆ ಕೈ ನಿಧಾನವಾಗುತ್ತಿತ್ತು. ಪಟ್... ಪಟ್... ನಮಗೆಲ್ಲ ಕಣ್ಣು ತೆರೆದೇ ಕನಸು ಬೀಳುತ್ತಿತ್ತು.

ಒಂದು ನಿಯಮವಿತ್ತು. ಕಥೆ ಕೇಳುವವರು ‘ಹೂಂ’ ಅನ್ನಬೇಕು. ಹೂಂ ಅನ್ನುವವರಿಲ್ಲದಿದ್ದರೆ ಅವಳು ಹಿಟ್ಟಿನ ಕೈಯನ್ನು ಹಾಗೆಯೇ ಎತ್ತಿ ಹಿಡಿದು ಕುಳಿತುಬಿಡುತ್ತಿದ್ದಳು. “ಹೂಂ ಅನ್ನಾವ್ರ ಇಲ್ಲಂದ್ರ ಕಥಿ ಎಲ್ಲಿ ಕಾಲ ಇಡಬೇಕೋ ಮರಾಯಾ?” ಅನ್ನುತ್ತಿದ್ದಳು. ಹುಡುಗರು ಒಟ್ಟಿಗೆ ಹೂಂ ಅನ್ನುತ್ತಿದ್ದರು. ನಾನು ಮಾತ್ರ ಗೋಡೆಗೆ ಮುಖಮಾಡಿ, ತುಟಿ ಬಿಗಿಹಿಡಿದು ಕುಳಿತಿರುತ್ತಿದ್ದೆ. ಕಿವಿಗೆ ಬೀಗ ಹಾಕಲಾಗುವುದಿಲ್ಲವಲ್ಲ, ಅವು ಒಲೆಯ ಹತ್ತಿರವೇ ಇರುತ್ತಿದ್ದವು.

ಎಂಥೆಂಥ ಕೆಡುಕರಿದ್ದರು ಅವಳಲ್ಲಿ! ಗುಡ್ಡದ ಮೇಲಿನ ಒಬ್ಬ ರಕ್ಕಸಿ ಮಂದಿಯನ್ನು ತಿನ್ನುವವಳು. “ತಿಂತಿದ್ಳು ಖರೆ, ಆದ್ರ ಪಾಪ, ಮೊಣಕಾಲ ಭಾಳ ನೋಯ್ತಿದ್ವು” ಅನ್ನುತ್ತಿದ್ದಳು ಝಳಕಿಯಾಕಿ. ಕೆಳಗಿಳಿದು ಒಬ್ಬನನ್ನು ಹಿಡಿದರೆ ಮತ್ತೆ ಆ ಮೆಟ್ಟಿಲುಗಳನ್ನೆಲ್ಲ ಹತ್ತಬೇಕಲ್ಲ ಎಂದು ಆ ರಕ್ಕಸಿ ಎಷ್ಟೋ ಸಂಜೆ ಉಪವಾಸವೇ ಮಲಗುತ್ತಿದ್ದಳಂತೆ. ಅವಳು ಮೊಣಕಾಲಿಗೆ ಎಳ್ಳೆಣ್ಣೆ ತಿಕ್ಕಿಕೊಳ್ಳುವಾಗ ಓಣಿಯ ಹುಡುಗರೆಲ್ಲ ಉಸಿರು ಹಿಡಿದು ಕುಳಿತಿರುತ್ತಿದ್ದರು. ರಾಜಕುಮಾರ ಬರುತ್ತಾನೆಂದರೆ ಇದೇ ಸಮಯವೆಂದು ಒಬ್ಬಿಬ್ಬರು ಎದ್ದುಹೋಗಿ ನೀರು ಕುಡಿದು ಬರುತ್ತಿದ್ದರು.

ಇನ್ನೊಬ್ಬ ಮಾಟಗಾರ ನೆರಳು ಕದಿಯುವವನು. ಹೊತ್ತು ಇಳಿಯುವಾಗ ಮಂದಿಯ ನೆರಳು ಉದ್ದವಾಗುತ್ತದಲ್ಲ, ಆಗ ಹಿಂದಿನಿಂದ ಬಂದು ಮೆತ್ತಗೆ ಸುತ್ತಿಕೊಂಡು, ನಮ್ಮಪ್ಪ ಸೀರೆ ಮಡಿಸಿದ ಹಾಗೆ ಮಡಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಅಮಾವಾಸ್ಯೆಗೊಮ್ಮೆ ಪೆಟ್ಟಿಗೆ ತೆರೆದು, ಯಾರ ನೆರಳು ಯಾವ ವಾಸನೆ ಎಂದು ಮೂಸಿ ನೋಡಿ ಒಬ್ಬನೇ ಅಳುತ್ತಿದ್ದ. ಯಾಕೆ ಅಳುತ್ತಿದ್ದ ಎಂದು ಹುಡುಗರು ಕೇಳಿದರೆ, “ಅವಗ ನೆಳ್ಳ ಇರಲಿಲ್ಲಪಾ” ಅಂದಳು. ನಾನು ಎಷ್ಟೋ ದಿನ ಶಾಲೆ ಬಿಟ್ಟ ಮೇಲೆ ನನ್ನ ನೆರಳನ್ನು ಹಿಂತಿರುಗಿ ನೋಡುತ್ತ ನೋಡುತ್ತ ಮನೆಗೆ ಬಂದಿದ್ದೇನೆ. ಅವನು ಬಂದರೆ ಕೊಟ್ಟುಬಿಡೋಣ ಅನಿಸುತ್ತಿತ್ತು.

ಕಥೆಯನ್ನು ಹಗಲು ಹೇಳುವಂತಿರಲಿಲ್ಲ. ಅದನ್ನು ಅವಳಿಗೆ ಮೊದಲ ವಾರವೇ ಎಚ್ಚರಿಸಿದವರು ಎದುರು ಮನೆಯ ಬಳೆ ಮಾರುವ ಮುಸಲ್ಮಾನ ಅಜ್ಜಿ. ಓಣಿಯ ಮಕ್ಕಳೆಲ್ಲ ಅವರನ್ನು ನಾನಿ ಅನ್ನುತ್ತಿದ್ದೆವು. “ಹಗಲ ಹೊತ್ತಿನ್ಯಾಗ ಕಥಿ ತಗೀಬ್ಯಾಡ ನೋಡವಾ. ಕೇಳೋ ಕೂಸಿನ ಸ್ವಾದರಮಾವ ದಾರಿ ತಪ್ತಾನ,” ಅಂದಿದ್ದರು. ಝಳಕಿಯಾಕಿ ಗಲ್ಲ ಗಲ್ಲ ಬಡಿದುಕೊಂಡು, “ಯವ್ವ, ನನಗ ಗೊತ್ತಿಲ್ಲೇನ್ರಿ ಅಷ್ಟು!” ಅಂದಿದ್ದಳು. ಆಮೇಲೆ ಎಷ್ಟು ಕಾಡಿದರೂ ದೀಪ ಹತ್ತುವ ತನಕ ಒಂದು ಮಾತೂ ಹೊರಡುತ್ತಿರಲಿಲ್ಲ.

ಒಂದು ಸಂಜೆ ನಾನು ಗೋಡೆಯಿಂದ ಮುಖ ತಿರುಗಿಸಿ ಬಾಯಿಬಿಟ್ಟೆ. “ಮಲತಾಯಿ ಕಥಿ ಹೇಳು,” ಅಂದೆ. ಚುಚ್ಚಬೇಕೆಂದೇ ಅಂದದ್ದು. ಸಿಟ್ಟಿತ್ತು ನನಗೆ, ಚಿಕ್ಕವರಿಗೆ ಸಿಟ್ಟು ಬರಬಾರದೆಂದು ಎಲ್ಲಿ ಬರೆದಿದೆ? ರೊಟ್ಟಿಯ ಸಪ್ಪಳ ಒಂದು ಗಳಿಗೆ ನಿಂತಿತು. ಆಮೇಲೆ ಅವಳು ನೀರು ಸವರಿ, ಬೇರೆ ಉಂಡೆ ತೆಗೆದುಕೊಂಡು ಶುರುಮಾಡಿದಳು.

ಹೇಳಿದ್ದೇನು ಅಂತೀರಿ! ಅಂಥ ಮಲತಾಯಿಯನ್ನು ನಾನು ಮತ್ತೆ ಯಾವ ಕಥೆಯಲ್ಲೂ ಕಾಣಲಿಲ್ಲ. ರಾಣಿ ಅವಳು, ಕಾಲಲ್ಲಿ ಬೆಳ್ಳಿ ಕಡಗ, ಮೂಗಿನ ತುದಿಯಲ್ಲಿ ಸಿಟ್ಟು. ಗಂಡನ ಮಗಳ ಕೈಗೆ ಖಾಲಿ ಗಿಂಡಿ ಕೊಟ್ಟು, “ಹ್ವಾದ ವರ್ಷದ ಮಳಿ ತುಂಬಕೊಂಡ ಬಾ, ಇಲ್ಲಂದ್ರ ಮನಿ ಮೆಟ್ಟಬ್ಯಾಡ,” ಅಂದುಬಿಡುತ್ತಾಳೆ. ಮಗಳು ಅಳುತ್ತ ಹೋಗುತ್ತಾಳೆ, ಕಾಡಿನಲ್ಲಿ ರಾಜಕುಮಾರ ಸಿಗುತ್ತಾನೆ, ಪಟಪಟ ಪಟಪಟ ಮದುವೆಯಾಗುತ್ತದೆ, ಅವನು ಬಂದು ಮಲತಾಯಿಯನ್ನು ಅರಮನೆಯ ಹೊಸ್ತಿಲ ಕೆಳಗೆ ಹೂಳಿಸುತ್ತಾನೆ. ಹೋಗುವವರು ಬರುವವರು ಎಲ್ಲ ತುಳಿದುಕೊಂಡು ಓಡಾಡುತ್ತಾರೆ.

ಮರುಸಂಜೆಯೂ ಅದನ್ನೇ ಕೇಳಿದೆ. ಅದರ ಮರುಸಂಜೆಯೂ. ಅವಳು ಒಂದು ಮಾತನ್ನೂ ಮೆತ್ತಗೆ ಮಾಡದೆ ತನ್ನ ಪಾಲಿನ ಕೇಡನ್ನು ತಾನೇ ಚೊಕ್ಕಾಗಿ ಹೇಳಿ, ಕೊನೆಗೆ ಹೊಸ್ತಿಲ ಕೆಳಗೆ ಹೋಗಿ ಮಲಗುತ್ತಿದ್ದಳು. ಬರಬರುತ್ತ ಏನಾಯಿತೆಂದರೆ, ನನಗೆ ಆ ರಾಣಿ ಹಿಡಿಸಿಬಿಟ್ಟಳು. ಅಳುವ ಮಗಳು ಬೇಸರ ತರಿಸಿದಳು. ಶಾಲೆಯಲ್ಲಿ ಆಟಕ್ಕೆ ನಿಂತರೆ ನಾನೇ ಮಲತಾಯಿ. ಸೊಂಟದ ಮೇಲೆ ಕೈಯಿಟ್ಟು ಗೆಳತಿಯರನ್ನೆಲ್ಲ ಹೋದ ವರ್ಷದ ಮಳೆ ತರಲು ಅಟ್ಟುತ್ತಿದ್ದೆ. ಇಲ್ಲದ್ದನ್ನು ತಾ ಎಂದು ಕೇಳುವ ಧೈರ್ಯ ಆ ಕಥೆಯಲ್ಲಿ ಅವಳೊಬ್ಬಳಿಗೇ ಇತ್ತು.

ಶ್ರಾವಣ ಹತ್ತಿರ ಬಂದಾಗ ಅಪ್ಪ ನಾಲತವಾಡದ ಸಂತೆಯಿಂದ ಸುದ್ದಿ ತಂದರು. ಅದು ಹಡೆದವ್ವನ ತವರು. ಅವಳ ಅಣ್ಣ ಸಂತೆಯಲ್ಲಿ ಸಿಕ್ಕು ಹೇಳಿದ್ದನಂತೆ. “ಪಂಚಮಿಗೆ ಕೂಸನ್ನ ಕರಿಯಾಕ ಬರ್ತೇನಿ. ಮತ್ತ ಹೊಳ್ಳಿ ಕಳಸಾಂಗಿಲ್ಲ. ಮಲತಾಯಿ ಕೈಯಾಗ ಬಿಡಾಕ ನಾವೇನ ಸತ್ತಿಲ್ಲ.” ಅಪ್ಪ ಇದನ್ನು ಹೇಳಿ ಸೀರೆ ಮಡಿಸತೊಡಗಿದರು. ಝಳಕಿಯಾಕಿ “ಅವರ ಕರುಳ ಅವರಿಗೆ ಇರ್ತೈತಿ ಬಿಡ್ರಿ,” ಅಂದಳು. ಅವತ್ತು ಸಂಜೆ ಕಥೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ನಾಲತವಾಡಕ್ಕೆ ಹೋಗಬೇಕೆಂದು ನಾನೇ ಎಷ್ಟು ದಿನ ಹಟ ಹಿಡಿದಿದ್ದೆ! ಈಗ ಆ ಊರಿನ ಹೆಸರನ್ನೇ ನಾನು ಎತ್ತಲಿಲ್ಲ.

ಪಂಚಮಿಯ ಮುಂಚೆ ನಮ್ಮ ಕಡೆ ರೊಟ್ಟಿ ಹಬ್ಬ. ಮನೆಮನೆಗೆ ಬೀರಲು ಬೆಳಗಿನಿಂದಲೇ ರೊಟ್ಟಿ ಬಡಿಯುತ್ತಾರೆ. ಅವತ್ತೇ ಮಾಮಾ ಬರುವ ದಿನ. ಜಿಟಿಜಿಟಿ ಮಳೆ ಹಿಡಿದಿತ್ತು. ಮಳೆಯಲ್ಲೂ ಹುಡುಗರೆಲ್ಲ ಜೋಕಾಲಿಯ ಮರಕ್ಕೆ ಹೋಗಿದ್ದರು. ದೂರದಿಂದ ಅವರ ಹಾಡು ತೇಲಿ ಬಂದು ಬಂದು ಹೋಗುತ್ತಿತ್ತು. ಬಾಗಿಲ ಬಳಿ ನನ್ನ ಗಂಟು ಸಿದ್ಧವಾಗಿತ್ತು. ಉಡಲು ಎರಡು ಪರಕಾರ, ಮೇಲೆ ತೊಡಲು ಅವಳೇ ಹೊಲಿದ ಹೊಸ ಪೋಲಕ, ಎಳ್ಳಿನ ಉಂಡಿ. ನಾನು ಗಂಟಿನ ಪಕ್ಕ ಕುಳಿತಿದ್ದೆ. ಅವಳು ನನ್ನ ಕಡೆ ನೋಡದೆ ರೊಟ್ಟಿ ಬಡಿಯುತ್ತಿದ್ದಳು. ಬೆಳಕಿಂಡಿಯಿಂದ ಬೆಳಕು ಹೊಗೆಯೊಳಗೆ ಇಳಿದು ಅವಳ ಕೈಯ ಮೇಲೆ ಬಿದ್ದಿತ್ತು. ಮಾಮಾನ ಬಸ್ಸು ಬರುವ ಹೊತ್ತು ಹತ್ತಿರವಾಗಿತ್ತು.

“ಒಂದೂರಾಗ ಒಬ್ಬಾಕಿ ರಾಣಿ ಇದ್ಳು,” ಅಂದಳು ಅವಳು.

ಪಟ್... ಪಟ್... ಆಮೇಲೆ ಕೈ ನಿಂತಿತು. ನಡುಹಗಲು. ನಾನಿ ಹೇಳಿದ ಮಾತು ನನಗೂ ನೆನಪಿತ್ತು, ಅವಳಿಗೂ ನೆನಪಿತ್ತು. ಹಿಟ್ಟಿನ ಕೈ ಮೇಲೆತ್ತಿ ಕುಳಿತವಳ ಕಣ್ಣು ಒಲೆಯಲ್ಲಿತ್ತು. ಹೂಂ ಅನ್ನಲು ಒಬ್ಬ ಹುಡುಗನೂ ಇರಲಿಲ್ಲ, ನಾನೊಬ್ಬಳೇ. ಮುದ್ದೇಬಿಹಾಳದ ದಾರಿಯಲ್ಲೆಲ್ಲೋ ಮಾಮಾ ಬಸ್ಸಿನಲ್ಲಿ ಕುಳಿತಿರುವುದು ಕಣ್ಣಿಗೆ ಕಟ್ಟಿತು.

“ಹೂಂ,” ಅಂದೆ.

ಅವಳು ನನ್ನನ್ನು ಒಮ್ಮೆ ನೋಡಿದಳು, ಮತ್ತೆ ಕೈ ನಡೆಯಿತು. ಅವತ್ತಿನ ಕಥೆಯೇ ಬೇರೆ. ಮಗಳು ಗಿಂಡಿ ಹಿಡಿದು ಹೋದಳು, ಆದರೆ ಕಥೆ ಅವಳ ಹಿಂದೆ ಹೋಗಲಿಲ್ಲ. ಮನೆಯಲ್ಲೇ ಉಳಿಯಿತು, ಮಲತಾಯಿಯ ಹತ್ತಿರ. ರಾಣಿ ಅಡಿಗೆ ಮಾಡಿದಳು, ಉಣ್ಣುವವರಿಲ್ಲ. ಬೈಯಲು ಬಾಯಿ ತೆರೆದಳು, ಬೈಸಿಕೊಳ್ಳುವವರಿಲ್ಲ. ಕಡಗ ತೆಗೆದಿಟ್ಟಳು, ಸಪ್ಪಳವಾದರೆ ಮಗಳು ಬಂದದ್ದು ಕೇಳಿಸಲಿಕ್ಕಿಲ್ಲ ಎಂದು. ಒಂದೊಂದು ಮಾತಿಗೂ ನಾನು ಹೂಂ ಅಂದೆ. ಮಳೆ ಬರುತ್ತಲೇ ಇತ್ತು. “ಹೊತ್ತ ಮುಣಗಾಕ ಬಂತು. ರಾಣಿ ಬಾಗಲದಾಗ ಬಂದ ನಿಂತ್ಲು,” ಅನ್ನುವಷ್ಟರಲ್ಲಿ ಹುಡುಗರು ತೊಯ್ದು ತೊಪ್ಪೆಯಾಗಿ ರೊಟ್ಟಿ ಕೇಳುತ್ತ ನುಗ್ಗಿದರು. ಕಥೆ ಅಲ್ಲಿಗೇ ನಿಂತಿತು.

ಅವತ್ತು ಮಾಮಾ ಬರಲಿಲ್ಲ.

ಬಂದದ್ದು ಮರುದಿನ ನಾಗಚೌತಿಗೆ, ನಾಗಪ್ಪನಿಗೆ ಹಾಲೆರೆದು ಬಂದ ಮೇಲೆ. ಮೊಣಕಾಲ ತನಕ ಎರೆಮಣ್ಣು, ಕಣ್ಣು ಕೆಂಪು. ಜಗಳಕ್ಕೆಂದೇ ಹುಬ್ಬು ಗಂಟುಹಾಕಿಕೊಂಡು ಬಂದಿದ್ದ. ಅಪ್ಪ ಕಂಬಳಿ ಹಾಸಿದರು. ಝಳಕಿಯಾಕಿ ಕಾಲಿಗೆ ನೀರಿನ ತಂಬಿಗೆ ಹಿಡಿದು ಹೊಸ್ತಿಲಿಗೆ ಬಂದಳು. “ಹುಟ್ಟಿದಾಗಿಂದ ತಿರುಗ್ಯಾಡಿದ ದಾರಿ ಐತಿ,” ಎಂದು ಮಾಮಾ ಅಪ್ಪನಿಗೆ ಹೇಳತೊಡಗಿದ. “ನಿಡಗುಂದ್ಯಾಗ ಬಸ್ಸ ಬದಲ ಮಾಡಿದ್ನೆಲಾ, ಬ್ಯಾರೇ ಬಸ್ಸಿನ್ಯಾಗ ಕುಂತು ನಿದ್ದಿ ಹೊಡದೇನಿ. ಕಣ್ಣ ತಗದ್ರ ಗೊಳಸಂಗಿ! ಮಳ್ಯಾಗ ಅಲ್ಲೇ ಗುಡಿ ಕಟ್ಟಿ ಮ್ಯಾಲ ಮುದುಡಿಕೊಂಡ ಬಿದ್ದಿದ್ದೆ ರಾತ್ರಿಯೆಲ್ಲಾ.”

ತಂಬಿಗೆಯ ನೀರು ಹೊಸ್ತಿಲ ಮೇಲೆಲ್ಲ ಚೆಲ್ಲಿತು. ಝಳಕಿಯಾಕಿ ತಂಬಿಗೆ ಕೆಳಗಿಟ್ಟಳು. “ಅಣ್ಣಾರ, ಅದು ನಂದ ತಪ್ಪರಿ,” ಅಂದಳು. “ನಿನ್ನಿ ಹಗಲ ಹೊತ್ತಿನ್ಯಾಗ ನಾನು ಕಥಿ ಹೇಳಿದ್ನಿ. ಬೇಕಂತನ ಹೇಳಿದ್ನಿರಿ. ನೀವು ಬರಬಾರದಂತ ಹೇಳಿದ್ನಿ. ನಿಮಗ ಏನರ ಆಗಿದ್ರ ನಾ ಏನ್ ಮಾಡ್ಲಿ?” ಎಂದು ಸೆರಗು ಬಾಯಿಗೆ ಹಿಡಿದು ಅತ್ತಳು. ಅಪ್ಪ ತಲೆ ತಗ್ಗಿಸಿದರು. ಮಾಮಾ ಒಂದು ಕಾಲು ತೊಳೆದು ಒಂದು ಕಾಲು ಕೆಸರಲ್ಲೇ ಬಿಟ್ಟು ನಿಂತುಕೊಂಡ. ಜಗಳ ಆಡಲು ತಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ಅವಳ ಕಡೆ ತಿರುಗಿ ಕೇಳಿದ.

“ಯಾವ ಕಥಿ ಹೇಳಿದೆವಾ?”

“ಮಲತಾಯಿ ಕಥಿರಿ.”

“ಕಡೀಕ ಆ ಮಲತಾಯಿ ಏನಾದ್ಳು?”

ಅವಳು ಬಾಯಿ ತೆರೆದಳು. ಅವಳ ಹತ್ತಿರ ಇದ್ದದ್ದು ಒಂದೇ ಕೊನೆ. ಅದನ್ನು ಅವಳು ಹೇಳಿಬಿಡುತ್ತಾಳೆಂದು ನನಗೆ ಭಯವಾಯಿತು. ಎಲ್ಲರೂ ಕೆಟ್ಟವಳೆಂದು ಅಂಜುವ ಆ ಮಲತಾಯಿ, ನನ್ನ ರಾಣಿ, ತೊಯ್ದ ಹೊಸ್ತಿಲ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಅವಳನ್ನು ಬಿಟ್ಟು ನನಗೆ ಇನ್ನಾರೂ ಬೇಡವೆನಿಸಿತು.

“ಏನೂ ಆಗಲಿಲ್ಲ ಮಾಮಾ,” ಅಂದೆ. “ಆಕಿ ಬಾಗಲದಾಗ ನಿಂತಿದ್ಳು. ಮಗಳು ಹ್ವಾದ ವರ್ಷದ ಮಳಿ ತುಂಬಕೊಂಡ ಹೊಳ್ಳಿ ಬಂದ್ಳು. ಇಬ್ರೂ ಒಳಗ ಹ್ವಾದ್ರು.”

ಮಾಮಾ ನನ್ನನ್ನೇ ನೋಡಿದ. ಆಮೇಲೆ ಬಗ್ಗಿ, ಇನ್ನೊಂದು ಕಾಲನ್ನು ನಿಧಾನವಾಗಿ ತೊಳೆದುಕೊಳ್ಳುತ್ತ “ಹೂಂ,” ಅಂದ.

ಪಂಚಮಿಗೆ ನಾಲತವಾಡಕ್ಕೆ ಹೋದೆ. ಜೋಕಾಲಿ ಆಡಿದೆ, ಉಂಡಿ ತಿಂದೆ, ಹಡೆದವ್ವನ ಮನೆಯವರು ತಲೆ ಸವರಿ ಅತ್ತರು. ಹಬ್ಬ ಮುಗಿದ ಮೇಲೆ ಮಾಮಾನೇ ತಂದು ಬಿಟ್ಟ. ಬರುವಾಗ ಅಲ್ಲಿಯ ಸೂರಿನಿಂದ ಬೀಳುವ ಮಳೆಯನ್ನು ಒಂದು ಸೀಸೆಗೆ ತುಂಬಿ ಬಿರಡೆ ಹಾಕಿಕೊಂಡೆ. ಬಸ್ಸಿನಲ್ಲಿ ಉದ್ದಕ್ಕೂ ಅದನ್ನು ತೊಡೆಯ ಮೇಲೆ ಹಿಡಿದುಕೊಂಡೇ ಬಂದೆ. ಝಳಕಿಯಾಕಿ ಅದೇನೆಂದು ಕೇಳಲಿಲ್ಲ. ಒಲೆಯ ಪಕ್ಕದ ಗೂಡಿನಲ್ಲಿ, ಅರಿಶಿಣ ಕುಂಕುಮದ ಹಿಂದೆ ಇಟ್ಟಳು.

ಆಮೇಲೆ ಟೂರಿಂಗ್ ಟಾಕೀಸು, ನಾಟಕ ಕಂಪನಿ, ಕಾದಂಬರಿ ಎಂದು ಎಷ್ಟೋ ಕಥೆಗಳನ್ನು ಕಂಡೆ. ಈಗಲೂ ಕೆಡುಕ ಬರುವ ತನಕ ನನಗೆ ಆಕಳಿಕೆ. ಅವನು ಬಂದ ಕೂಡಲೇ ನೆಟ್ಟಗೆ ಕುಳಿತು, ಇವನ ಮೊಣಕಾಲು ನೋಯುತ್ತದೆಯೋ, ಮನೆಯಲ್ಲಿ ಇವನಿಗೆ ಯಾರಿದ್ದಾರೋ ಎಂದು ನೋಡುತ್ತೇನೆ. ಅದನ್ನು ತಿಳಿಯದೆ ಬರೆದವರ ಮೇಲೆ ಸಿಟ್ಟು ಬರುತ್ತದೆ.

ಆ ಪಂಚಮಿಯ ಮರುವರ್ಷ ಶ್ರಾವಣ ಬಂತು. ಮತ್ತೆ ರೊಟ್ಟಿ ಹಬ್ಬ, ಮತ್ತೆ ಜಿಟಿಜಿಟಿ ಮಳೆ. ಅವಳು ರೊಟ್ಟಿ ಬಡಿಯಲು ಕುಳಿತಿದ್ದಳು. ನಾನು ಗೂಡಿಗೆ ಕೈಹಾಕಿ ಸೀಸೆ ತೆಗೆದು, ಹಿಟ್ಟಿನ ಪರಾತದ ಪಕ್ಕ ಅವಳ ಮುಂದೆ ಇಟ್ಟೆ.

“ಅವ್ವಾ,” ಅಂದೆ, “ಹ್ವಾದ ವರ್ಷದ ಮಳಿ.”